ಮಾಬ್ ಡೀಪ್, ನಾಸ್, ವು-ಟ್ಯಾಂಗ್: ಮೊದಲು ಯಾವುದನ್ನು ಕೇಳಬೇಕು?

ತೊಂಬತ್ತರ ದಶಕದ ನ್ಯೂಯಾರ್ಕ್ ಹಾರ್ಡ್‌ಕೋರ್ ಹಿಪ್‌ಹಾಪ್‌ಗೆ ಹೊಸಬರಾ? ಮೂರು ಆಲ್ಬಂ ನೋಡಿ: ವು-ಟ್ಯಾಂಗ್ ಕ್ಲಾನ್‌ನ ‘36 ಚೇಂಬರ್ಸ್’ (1993), ನಾಸ್‌ನ ‘ಇಲ್‌ಮ್ಯಾಟಿಕ್’ (1994), ಮಾಬ್ ಡೀಪ್‌ನ ‘ದಿ ಇನ್‌ಫೇಮಸ್’ (1995).

ಸಮಯ ಕಡಿಮೆ ಇದ್ದರೆ ‘ಇಲ್‌ಮ್ಯಾಟಿಕ್’. ಸುಮಾರು 40 ನಿಮಿಷ, ಅಷ್ಟೇ. ಉಳಿದೆರಡಕ್ಕೂ ಒಂದು ಗಂಟೆಯ ಆಸುಪಾಸು ಬೇಕು.

ಬೀಟ್, ಅಂದರೆ ರ್‍ಯಾಪ್ ಹಿಂದಿನ ಸಂಗೀತದ ವಿಷಯದಲ್ಲಿ ಮೂರೂ ಬೇರೆ ಬೇರೆ. ನಾಸ್‌ಗೆ ಡಿಜೆ ಪ್ರೀಮಿಯರ್, ಪೀಟ್ ರಾಕ್ ತರಹದ ಹಲವರು ಬೀಟ್ ಕೊಟ್ಟಿದ್ದಾರೆ, ಜಾಝ್ ವಾಸನೆ ಜಾಸ್ತಿ. ವು-ಟ್ಯಾಂಗ್‌ನಲ್ಲಿ ಆ ತಂಡದ ಬೀಟ್ ಮಾಡೋ ಆರ್‌ಝಡ್‌ಎ ಕುಂಗ್‌ಫೂ ಸಿನಿಮಾ ಸಂಭಾಷಣೆಗಳನ್ನು ಒರಟು ಡ್ರಮ್ ಜೊತೆ ಬೆರೆಸಿದ್ದಾರೆ. ಗೆಳೆಯರ ಜೊತೆ ಜೋರಾಗಿ ಹಾಕಿ ಕೇಳೋಕೆ ಇದೇ ಸರಿ.

‘ದಿ ಇನ್‌ಫೇಮಸ್’ ಮಾತ್ರ ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಕೇಳಬೇಕು. ಮಾಬ್ ಡೀಪ್ ಜೋಡಿಯಲ್ಲಿ ಒಬ್ಬರಾದ ಹ್ಯಾವಕ್ ಮಾಡಿದ ಬೀಟ್‌ಗಳಲ್ಲಿ ಎಂಥಾ ಚಳಿ ಇದೆ ಗೊತ್ತಾ! ಇದರ ‘ಶುಕ್ ಒನ್ಸ್ ಪಾರ್ಟ್ 2’ ಹಾಡಿನಲ್ಲಿರುವುದು ಜಾಝ್ ಕಲಾವಿದ ಹರ್ಬೀ ಹ್ಯಾನ್‌ಕಾಕ್ ಪಿಯಾನೊ ಅಂತ ಪತ್ತೆ ಹಚ್ಚೋಕೆ ಅಭಿಮಾನಿಗಳಿಗೆ 2011ರವರೆಗೆ ಬೇಕಾಯಿತು, ಅಷ್ಟು ತಿರುಚಿ ಹಾಕಿದ್ದಾರೆ. ಆಲ್ಬಂ ಬಂದಾಗ ಹ್ಯಾವಕ್‌ಗೂ ಜೋಡಿಯ ಇನ್ನೊಬ್ಬರಾದ ಪ್ರಾಡಿಜಿಗೂ ಬರೀ 20 ವರ್ಷ. ಹಿಂಸೆ ಅಲ್ಲಿ ಬಡಾಯಿ ಅನ್ನಿಸಲ್ಲ, ಭಯ ಅನ್ನಿಸುತ್ತೆ. ನಾನು ಇದಕ್ಕೆ ಮತ್ತೆ ಮತ್ತೆ ಮರಳೋದು ಅದಕ್ಕೇ.

ಸಾಹಿತ್ಯ ಮುಖ್ಯ ಅನ್ನೋರಿಗೆ ನಾಸ್. ಅವರು ಬೆಳೆದ ನ್ಯೂಯಾರ್ಕ್ ಬಡಾವಣೆ ಕ್ವೀನ್ಸ್‌ಬ್ರಿಡ್ಜ್‌ನ ಬೀದಿ ಕಣ್ಣಿಗೆ ಕಟ್ಟುತ್ತೆ. ಮಾಬ್ ಡೀಪ್ ಕೂಡ ಅಲ್ಲಿಯವರೇ, ಆದರೆ ಅವರ ಬೀದಿಭಾಷೆ ಮೊದಲ ಸಲಕ್ಕೆ ಅರ್ಥವಾಗೋದು ಕಷ್ಟ. ಬೈಗುಳ ಮೂರರಲ್ಲೂ ಇದೆ, ಮಕ್ಕಳಿದ್ದಾಗ ಹಾಕಬೇಡಿ.