ಅಲ್ಯುಮಿನಿಯಂಗೆ ಕೈ, ಸ್ಟೇನ್‌ಲೆಸ್‌ಗೆ ಚಕ್ರ: ಮೂರು ಪಾಲಿಶ್ ವಿಧಾನಗಳ ಹೋಲಿಕೆ

ಆದಿಉಡುಪಿಯ ನಮ್ಮ ಮನೆಯ ಹಿಂದಿನ ಹಟ್ಟಿಯಲ್ಲಿ ದನಗಳಿಲ್ಲದೆ ಹತ್ತು ವರ್ಷಗಳಾದವು. ಈಗ ಅಲ್ಲಿರುವುದು ಒಂದು ವೈಸ್, ಒಂದು ಬೆಂಚ್ ಗ್ರೈಂಡರ್, ಒಂದು ಡ್ರಿಲ್ ಮೆಷಿನ್ ಮತ್ತು ಬಿಚ್ಚಿ ಹಾಕಿದ ಹಳೆಯ ಬುಲೆಟ್‌ನ ಭಾಗಗಳು. ಬುಲೆಟ್‌ನ ಎಡಬದಿಯ ಕ್ಲಚ್ ಕವರ್ ಅಲ್ಯುಮಿನಿಯಂ ಎರಕದ್ದು. ಅದನ್ನು ಮಿಂಚಿಸಬೇಕೆಂದು ಹೊರಟ ದಿನಗಳಲ್ಲೇ ಬಾವಿಕಟ್ಟೆಗೆ ಹಾಕಿಸಿದ ಸ್ಟೇನ್‌ಲೆಸ್ ಸ್ಟೀಲ್ ಕಂಬಿಯ ಬೆಸುಗೆಗಳನ್ನು ನಯಗೊಳಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಎರಡೂ ಬಿಳಿ ಲೋಹಗಳೇ ಆದ್ದರಿಂದ ಒಂದೇ ಸಲಕರಣೆ, ಒಂದೇ ಪಾಲಿಶ್ ಸಾಕಾದೀತು ಎಂದುಕೊಂಡಿದ್ದೆ. ಆ ಎಣಿಕೆ ಎರಡು ಭಾನುವಾರಗಳಲ್ಲಿ ಸುಳ್ಳಾಯಿತು. ಹಾಗಾಗಿ ಕೈ, ಡ್ರಿಲ್ ಮತ್ತು ಬೆಂಚ್ ಗ್ರೈಂಡರ್ ಎಂಬ ಮೂರು ವಿಧಾನಗಳನ್ನು ಎರಡೂ ಲೋಹಗಳ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡುವುದೆಂದು ನಿಶ್ಚಯಿಸಿದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ತುಂಡುಗಳು ಒಂದೇ ಬಗೆಯವಾಗಿರಬೇಕು. ಗುಜರಿ ಅಂಗಡಿಯಿಂದ ಒಡೆದ ಎಂಜಿನ್ ಕವರೊಂದನ್ನು ತಂದು, ಅದರ ಸಪಾಟಾದ ಭಾಗದಿಂದ ಎರಡು ಇಂಚು ಅಗಲ, ನಾಲ್ಕು ಇಂಚು ಉದ್ದದ ನಾಲ್ಕು ತುಂಡುಗಳನ್ನು ಕತ್ತರಿಸಿದೆ. ಅದೇ ಅಳತೆಯ ಮೂರು ತುಂಡುಗಳನ್ನು 304 ದರ್ಜೆಯ 2 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಗಡಿನಿಂದ ಕತ್ತರಿಸಿಕೊಂಡೆ. ಎಲ್ಲವನ್ನೂ 180 ನಂಬರಿನ ಎಮೆರಿ ಪೇಪರ್‌ನಿಂದ (ನಂಬರು ಹೆಚ್ಚಿದಷ್ಟೂ ಪೇಪರ್ ನಯ) ಒಂದೇ ದಿಕ್ಕಿಗೆ ಉಜ್ಜಿ ಸಮಾನವಾಗಿ ಗೀರು ಬೀಳಿಸಿದ ಮೇಲೆಯೇ ಪ್ರಯೋಗ ಶುರುವಾದದ್ದು. ಹೊಳಪನ್ನು ಅಳೆಯಲು ಯಂತ್ರವಿಲ್ಲದಿದ್ದರೂ ಸ್ಟೀಲ್ ಅಡಿಪಟ್ಟಿ ಇತ್ತು. ಅದನ್ನು ತುಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ, ಅದರ ಅಂಕಿಗಳು ಲೋಹದಲ್ಲಿ ತಲೆಕೆಳಗಾಗಿ ಕಾಣುತ್ತವೆ. ನಯ ಹೆಚ್ಚಿದಷ್ಟೂ ಮೇಲಿನ ಅಂಕಿಗಳೂ ಓದಲು ಬರುತ್ತವೆ, ನಯ ಕಡಿಮೆಯಾದರೆ ಎರಡು ಮೂರು ಸೆಂಟಿಮೀಟರಿನಾಚೆ ಎಲ್ಲವೂ ಮಂಜು. ಟ್ಯೂಬ್‌ಲೈಟಿನ ಕೆಳಗೆ ಒಂದೇ ಜಾಗದಲ್ಲಿ ಕುಳಿತು ಓದಿದ ಅಂಕಿಗಳನ್ನೇ ಇಲ್ಲಿ ಕೊಡುತ್ತಿದ್ದೇನೆ.

ಕೈಯ ವಿಧಾನದಲ್ಲಿ ಖರ್ಚು ಕಡಿಮೆ, ತಾಳ್ಮೆ ಹೆಚ್ಚು ಬೇಕು. 240ರಿಂದ ಆರಂಭಿಸಿ 400, 600, 800, 1000, 1500, 2000 ನಂಬರಿನ ವಾಟರ್ ಪೇಪರ್‌ಗಳನ್ನು ಒಂದರ ನಂತರ ಒಂದರಂತೆ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ ಉಜ್ಜಬೇಕು, ಕೊನೆಗೆ ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕಬೇಕು. ಇದರ ಗುಟ್ಟು ದಿಕ್ಕು ಬದಲಿಸುವುದರಲ್ಲಿದೆ. 400ನ್ನು ಉದ್ದಕ್ಕೆ ಉಜ್ಜಿದರೆ 600ನ್ನು ಅಡ್ಡಕ್ಕೆ ಉಜ್ಜಬೇಕು, ಆಗ ಹಿಂದಿನ ಗೀರು ಉಳಿದಿದೆಯೋ ಹೋಗಿದೆಯೋ ಕಣ್ಣಿಗೇ ತಿಳಿಯುತ್ತದೆ. ಒಂದೇ ದಿಕ್ಕಿಗೆ ಉಜ್ಜುತ್ತಾ ಹೋದರೆ ಹಳೆಯ ಗೀರುಗಳು ಹೊಸದರೊಳಗೆ ಅಡಗಿ ಕುಳಿತು, ಕೊನೆಯ ಪಾಲಿಶ್ ಹಚ್ಚಿದ ಮೇಲೆ ಒಟ್ಟಿಗೆ ಎದ್ದು ಬಂದು ಅಣಕಿಸುತ್ತವೆ. ಪೇಪರನ್ನು ಬೆರಳಿನಿಂದ ಒತ್ತುವ ಬದಲು ಹಳೆಯ ರಬ್ಬರ್ ಚಪ್ಪಲಿಯ ತುಂಡಿಗೆ ಸುತ್ತಿಕೊಂಡರೆ ಮೇಲ್ಮೈಯಲ್ಲಿ ಹೊಂಡ ಬೀಳುವುದಿಲ್ಲ.

ಅಲ್ಯುಮಿನಿಯಂ ತುಂಡು ಈ ವಿಧಾನದಲ್ಲಿ 55 ನಿಮಿಷಗಳಲ್ಲಿ ಮುಗಿಯಿತು, ಅಡಿಪಟ್ಟಿಯ 13ನೆಯ ಸೆಂಟಿಮೀಟರಿನವರೆಗೆ ಓದಲು ಬಂತು. ಪಾಲಿಶ್ ಹಚ್ಚಿ ಎರಡು ಸಲ ತಿಕ್ಕುವಷ್ಟರಲ್ಲಿ ಬಟ್ಟೆ ಕಾಡಿಗೆಯಂತೆ ಕಪ್ಪಾಗುತ್ತದೆ. ಆ ಕಪ್ಪು ಕೊಳೆಯಲ್ಲ, ಸವೆದು ಬಂದ ಲೋಹದ ಅತಿ ಸಣ್ಣ ಕಣಗಳು. ಆ ಕಪ್ಪು ಬಟ್ಟೆಯನ್ನೇ ಇನ್ನೂ ಸ್ವಲ್ಪ ಹೊತ್ತು ತಿಕ್ಕುವುದರಲ್ಲೇ ಹೊಳಪು ಏರುವುದು, ಆಮೇಲೆ ಶುಭ್ರವಾದ ಹಳೆಯ ಹತ್ತಿ ಬೈರಾಸಿನಿಂದ ಒರೆಸಿದರೆ ಒಳಗಿನಿಂದ ಬೆಳಕು ಬಂದಂತಿರುತ್ತದೆ. ಸ್ಟೇನ್‌ಲೆಸ್ ತುಂಡಿನ ಕಥೆ ಬೇರೆ. ಎರಡೂವರೆ ಗಂಟೆ ಉಜ್ಜಿದರೂ 180ರ ಗೀರುಗಳು ಅಲ್ಲಲ್ಲಿ ಉಳಿದೇ ಇದ್ದವು, 5 ಸೆಂಟಿಮೀಟರಿಗಿಂತ ಮೇಲೆ ಓದಲಾಗಲಿಲ್ಲ. ಮೆಟಲ್ ಪಾಲಿಶ್ ಅದರ ಮೇಲೆ ಸುಮ್ಮನೆ ಜಾರಿ ಹೋಯಿತು. ಮರುದಿನ ಮಣಿಕಟ್ಟು ಊದಿಕೊಂಡದ್ದನ್ನು ನೋಡಿದ ಮನೆಯವಳು ಆಡಿದ ಮಾತು ಈ ಹೋಲಿಕೆಗೆ ಸೇರಿದ್ದಲ್ಲ.

ಡ್ರಿಲ್‌ಗೆ ಸಿಕ್ಕಿಸುವ ಮೂರು ಇಂಚಿನ ಹತ್ತಿ ಚಕ್ರ ಮತ್ತು ಬತ್ತಿಯಾಕಾರದ ಫೆಲ್ಟ್ (ಒತ್ತಿ ಗಟ್ಟಿ ಮಾಡಿದ ಉಣ್ಣೆ) ತುಂಡುಗಳ ಸೆಟ್ ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ, ಮೊದಲು ಕೈ ಹೋಗುವುದೂ ಅದಕ್ಕೇ. ನನಗೆ ಅತ್ಯಂತ ನಿರಾಸೆ ತಂದದ್ದೂ ಅದೇ. ಅಲ್ಯುಮಿನಿಯಂನಲ್ಲಿ 40 ನಿಮಿಷಕ್ಕೆ 9 ಸೆಂಟಿಮೀಟರ್, ಸ್ಟೇನ್‌ಲೆಸ್‌ನಲ್ಲಿ ಒಂದೂವರೆ ಗಂಟೆಗೆ 4. ಇದಕ್ಕೆ ಕಾರಣ ಚಕ್ರದ ಅಂಚಿನ ವೇಗ. ಮೂರು ಇಂಚಿನ ಚಕ್ರ ನಿಮಿಷಕ್ಕೆ 2800 ಸುತ್ತು ತಿರುಗಿದರೂ ಅದರ ಅಂಚು ಸೆಕೆಂಡಿಗೆ ಸುಮಾರು 11 ಮೀಟರ್ ಮಾತ್ರ ಚಲಿಸುತ್ತದೆ, ಒತ್ತಿದರಂತೂ ಸುತ್ತು ಇನ್ನೂ ಇಳಿಯುತ್ತದೆ. ಬೆಂಚ್ ಗ್ರೈಂಡರಿನಲ್ಲಿ ಆರು ಇಂಚಿನ ಚಕ್ರ ಹೆಚ್ಚುಕಡಿಮೆ ಅಷ್ಟೇ ಸುತ್ತು ತಿರುಗಿ ಸೆಕೆಂಡಿಗೆ 22 ಮೀಟರಿಗಿಂತ ಹೆಚ್ಚಿನ ವೇಗ ಕೊಡುತ್ತದೆ. ಇದಲ್ಲದೆ ಡ್ರಿಲ್ ಇರುವುದು ನೇರ ಒತ್ತಡಕ್ಕೆ. ಪಕ್ಕದಿಂದ ಗಂಟೆಗಟ್ಟಲೆ ಒತ್ತಿದರೆ ಅದರ ಬೇರಿಂಗ್ ಸವೆಯುತ್ತದೆ, ಮೋಟಾರ್ ಕೈಸುಡುವಷ್ಟು ಬಿಸಿಯಾಗುತ್ತದೆ. ಆದರೂ ಡ್ರಿಲ್ಲನ್ನು ನಾನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಕ್ಲಚ್ ಕವರಿನ ಸ್ಕ್ರೂ ತೂತುಗಳ ಸುತ್ತಲಿನ ತಗ್ಗಿಗೆ, ಹಬ್‌ನ ಒಳಮೂಲೆಗೆ ದೊಡ್ಡ ಚಕ್ರವೂ ಹೋಗದು, ಬೆರಳೂ ಹೋಗದು, ಫೆಲ್ಟ್ ಬತ್ತಿ ಹೋಗುತ್ತದೆ.

ಇನ್ನು ಬೆಂಚ್ ಗ್ರೈಂಡರ್. ಅರ್ಧ ಎಚ್‌ಪಿಯ ಈ ಯಂತ್ರದ ಕಲ್ಲುಗಳನ್ನು ಬಿಚ್ಚಿ ಒಂದು ಕಡೆ ಸೈಸಲ್ ಚಕ್ರವನ್ನೂ ಇನ್ನೊಂದು ಕಡೆ ಹೊಲಿಗೆ ಹಾಕಿದ ಹತ್ತಿ ಚಕ್ರವನ್ನೂ ಕೂರಿಸಿದೆ. ಸೈಸಲ್ ಎಂದರೆ ಕತ್ತಾಳೆಯ ಜಾತಿಯದೇ ನಾರು, ಒರಟಾಗಿ ಕಡಿಯುವುದು ಅದರ ಕೆಲಸ. ಚಕ್ರ ಬರಿದೇ ಏನನ್ನೂ ಮಾಡದು, ತಿರುಗುತ್ತಿರುವಾಗ ಅದಕ್ಕೆ ಮುಟ್ಟಿಸುವ ಮೇಣದಂಥ ಬಾರ್‌ನಲ್ಲಿರುವ ಪುಡಿಯೇ ಕೆಲಸ ಮಾಡುವುದು. ಕಪ್ಪು ಬಾರ್‌ನಲ್ಲಿ ಎಮೆರಿ, ಕಂದು ಬಾರ್‌ನಲ್ಲಿ ಟ್ರಿಪೋಲಿ ಎಂಬ ಸಿಲಿಕಾ ಪುಡಿ, ಹಸಿರಿನಲ್ಲಿ ಕ್ರೋಮಿಯಂ ಆಕ್ಸೈಡ್, ಬಿಳಿಯದರಲ್ಲಿ ನಯವಾದ ಅಲ್ಯುಮಿನಿಯಂ ಆಕ್ಸೈಡ್ ಇರುತ್ತದೆ. ಅಲ್ಯುಮಿನಿಯಂಗೆ ಕಂದು, ಆಮೇಲೆ ಬಿಳಿ. ಸ್ಟೇನ್‌ಲೆಸ್‌ಗೆ ಸೈಸಲ್ ಮೇಲೆ ಕಪ್ಪು, ಆಮೇಲೆ ಹತ್ತಿಯ ಮೇಲೆ ಹಸಿರು ಎಂಬ ಕ್ರಮವನ್ನು ನಾನು ಅನುಸರಿಸಿದೆ. ಒಂದು ಬಾರ್‌ನ ಚಕ್ರಕ್ಕೆ ಇನ್ನೊಂದನ್ನು ಮುಟ್ಟಿಸಬಾರದು. ಹಾಗಾಗಿ ಪ್ರತಿಯೊಂದು ಚಕ್ರದ ಬದಿಯಲ್ಲೂ ಮಾರ್ಕರ್‌ನಿಂದ ಬಣ್ಣದ ಹೆಸರು, ಲೋಹದ ಹೆಸರು ಬರೆದಿಟ್ಟಿದ್ದೇನೆ.

ಲೇತ್ ಕೆಲಸದಿಂದ ನಿವೃತ್ತರಾದ ನೆರೆಮನೆಯ ಹಿರಿಯರು ಬೇಲಿಯಾಚೆಯಿಂದ ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಒಳಗೆ ಬಂದರು. "ಅಲ್ಯುಮಿನಿಯಂ ಅಂದ್ರೆ ಬೆಣ್ಣೆ ಮಾರಾಯ್ರೇ, ಒತ್ತಬೇಡಿ. ಸ್ಟೀಲನ್ನು ಒತ್ತಿ, ಆದ್ರೆ ಒಂದೇ ಕಡೆ ನಿಲ್ಲಿಸಬೇಡಿ" ಎಂದರು. ಎರಡೂ ಮಾತು ಅಕ್ಷರಶಃ ನಿಜವಾದವು. ಅಲ್ಯುಮಿನಿಯಂ ತುಂಡು 12 ನಿಮಿಷಗಳಲ್ಲಿ 16 ಸೆಂಟಿಮೀಟರಿಗೆ ಏರಿತು, ಆದರೆ ಜೋರಾಗಿ ಒತ್ತಿದ ಒಂದು ಮೂಲೆಯಲ್ಲಿ ಎರಕದೊಳಗಿನ ಸೂಜಿಮೊನೆಯಂಥ ರಂಧ್ರಗಳು ಬಾಯಿ ತೆರೆದು, ಪ್ರತಿಯೊಂದರ ಹಿಂದೆಯೂ ಧೂಮಕೇತುವಿನಂತೆ ಒಂದು ಬಾಲ ಎಳೆದುಕೊಂಡಿತು. ಸ್ಟೇನ್‌ಲೆಸ್‌ನಲ್ಲಿ ತೊಂದರೆ ಬೇರೆ. ಆ ಲೋಹ ಶಾಖವನ್ನು ಅಲ್ಯುಮಿನಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು ನಿಧಾನವಾಗಿ ಹರಡುತ್ತದೆ. ಆದ್ದರಿಂದ ಚಕ್ರ ತಾಗಿದ ಜಾಗ ಮಾತ್ರ ಕಾದು, ಅಂಚಿನಲ್ಲಿ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೀಲಿ ಮೂಡುತ್ತದೆ. ನಿಲ್ಲಿಸದೆ ಸರಿಸುತ್ತಾ, ನಡುನಡುವೆ ಆರಲು ಬಿಡುತ್ತಾ ಹೋದಾಗ 35 ನಿಮಿಷಗಳಲ್ಲಿ 22 ಸೆಂಟಿಮೀಟರಿನವರೆಗೂ ಅಂಕಿಗಳು ಸ್ಪಷ್ಟವಾದವು. ಕೈಯ 5 ಎಲ್ಲಿ, ಇದರ 22 ಎಲ್ಲಿ!

ಬೆಂಚ್ ಗ್ರೈಂಡರಿನ ಹೆಸರಿನಲ್ಲಿ ಒಂದು ಅಪರಾಧವೂ ದಾಖಲಾಗಬೇಕು. ಪ್ರಯೋಗದ ತುಂಡುಗಳಾದ ಮೇಲೆ ಧೈರ್ಯ ಬಂದು ನಿಜವಾದ ಕ್ಲಚ್ ಕವರನ್ನೇ ಚಕ್ರಕ್ಕೆ ಹಿಡಿದೆ. ಕವರಿನ ಮೇಲಂಚು ಚಕ್ರದ ತಿರುಗುವಿಕೆಗೆ ಎದುರಾಗಿ ಬಂದ ಕ್ಷಣದಲ್ಲೇ ಅದು ಕೈಯಿಂದ ಕಿತ್ತುಕೊಂಡು ಹೋಗಿ ಹಟ್ಟಿಯ ಮುರಕಲ್ಲಿನ ಗೋಡೆಗೆ ಬಡಿಯಿತು. ಗೋಡೆಯಲ್ಲಿ ಒಂದು ಬಿಳಿ ಗುರುತು, ಕವರಿನ ಅಂಚಿನಲ್ಲಿ ಉಗುರಿನಷ್ಟು ಹೊಂಡ. ತಪ್ಪು ನನ್ನದೇ. ತುಂಡನ್ನು ಯಾವಾಗಲೂ ಚಕ್ರದ ನಡುಮಟ್ಟಕ್ಕಿಂತ ಕೆಳಗೆ, ಚಕ್ರ ಅಂಚಿಗೆ ಎದುರಾಗಿ ಬರದೆ ಅಂಚಿನಿಂದ ಹೊರಕ್ಕೆ ಓಡುವಂತೆ ಹಿಡಿಯಬೇಕು. ಚಕ್ರ ಎಳೆಯುವಂತಹ ಕೈಗವಸು ಬೇಡ, ಲುಂಗಿ ಬೇಡ, ಹೆಗಲ ಮೇಲಿನ ಬೈರಾಸು ಖಂಡಿತ ಬೇಡ. ಕನ್ನಡಕ ಮತ್ತು ಧೂಳಿನ ಮಾಸ್ಕ್ ಬೇಕೇ ಬೇಕು. ಅಲ್ಯುಮಿನಿಯಂನ ಸಣ್ಣ ಧೂಳು ಬೆಂಕಿ ಹಿಡಿಯುವ ವಸ್ತುವಾದ್ದರಿಂದ, ಅದು ಬಿದ್ದಿರುವ ಜಾಗದಲ್ಲೇ ಕಬ್ಬಿಣ ಉಜ್ಜಿ ಕಿಡಿ ಹಾರಿಸುವುದೂ ಸಲ್ಲದು.

ಚಕ್ರಕ್ಕೆ ಬಾರ್ ಹೆಚ್ಚು ಹಚ್ಚಿದರೂ ಕೆಲಸ ಕೆಡುತ್ತದೆ, ಲೋಹದ ಮೇಲೆ ಕಪ್ಪು ಮೇಣದ ಗೆರೆಗಳು ಅಂಟಿಕೊಳ್ಳುತ್ತವೆ. ಅಂಥ ಚಕ್ರವನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ಹಸನು ಮಾಡಿದೆ, ತುಂಡಿನ ಮೇಲಿನ ಮೇಣವನ್ನು ಸೀಮೆಎಣ್ಣೆಯಿಂದ ಒರೆಸಿ, ಕೊನೆಗೆ ಮೈದಾ ಹಿಟ್ಟು ಉದುರಿಸಿ ಮೆತ್ತಗೆ ತಿಕ್ಕಿದೆ. ಮೈದಾ ಸಿಗದೆ ಒಮ್ಮೆ ರಂಗೋಲಿ ಪುಡಿ ಹಾಕಿದವನು ನಾನು. ಅದರಲ್ಲಿರುವ ಕಲ್ಲಿನ ಪುಡಿ ಒಂದು ಗಂಟೆಯ ಕೆಲಸವನ್ನು ಅರೆಕ್ಷಣದಲ್ಲಿ ಗೀರಿ ಹಾಕಿತು.

ನಾಲ್ಕು ಇಂಚಿನ ಆಂಗಲ್ ಗ್ರೈಂಡರನ್ನು ಸ್ಪರ್ಧೆಗೆ ಇಳಿಸಲಿಲ್ಲ. ಅದು ನಿಮಿಷಕ್ಕೆ 11,000 ಸುತ್ತು ತಿರುಗುವ ಯಂತ್ರ. ಫ್ಲ್ಯಾಪ್ ಡಿಸ್ಕ್ (ಎಮೆರಿ ಪಟ್ಟಿಗಳನ್ನು ಜೋಡಿಸಿದ ಬಿಲ್ಲೆ) ಹಾಕಿ ಕಂಬಿಯ ಬೆಸುಗೆಯ ಗಂಟು ಇಳಿಸಲು ಒಳ್ಳೆಯದು, ಅಲ್ಯುಮಿನಿಯಂ ಮೇಲೆ ಇಟ್ಟರೆ ಗುಳಿ ತೋಡುತ್ತದೆ. ಹೊರಗೆ ಬಫಿಂಗ್ (ಚಕ್ರದ ಪಾಲಿಶ್) ಮಾಡಿಸುವ ಆಯ್ಕೆಯನ್ನೂ ಹಿಂದೊಮ್ಮೆ ನೋಡಿದ್ದುಂಟು. ಕೊಟ್ಟ ಕವರ್ ಕನ್ನಡಿಯಂತೆ ಹಿಂದಿರುಗಿತು, ಆದರೆ ಅಂಚುಗಳೆಲ್ಲ ಸಾಬೂನಿನಂತೆ ಉರುಟಾಗಿದ್ದವು, ಎರಕದಲ್ಲಿದ್ದ ಅಕ್ಷರಗಳು ಅರ್ಧ ಸವೆದಿದ್ದವು.

ಇಲ್ಲಿಯವರೆಗಿನ ಲೆಕ್ಕದಲ್ಲಿ ಎರಡೂ ಲೋಹಗಳಲ್ಲಿ ಚಕ್ರವೇ ಗೆದ್ದಿದೆ. ಬಯಲುಸೀಮೆಯಲ್ಲಿದ್ದರೆ ನಾನೂ ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ. ಆದರೆ ಮಲ್ಪೆಯ ಕಡೆಯಿಂದ ಉಪ್ಪುಗಾಳಿ ಬೀಸುವ ಊರಿನಲ್ಲಿ ಹೊಳಪು ಬರಿಸುವುದು ಅರ್ಧ ಕೆಲಸ ಮಾತ್ರ. ಮಳೆಗಾಲದ ಹೊಸ್ತಿಲಿನ ತುಳು ಪರ್ವವಾದ ಪತ್ತನಾಜೆಗೆ ಮೊದಲೇ ಮುಗಿದಿದ್ದ ತುಂಡುಗಳನ್ನೆಲ್ಲ ಹಟ್ಟಿಯ ಪೂರ್ವದ ಮಾಡಿನ ಕೆಳಗೆ, ಮಳೆ ನೇರವಾಗಿ ಬೀಳದ ಆದರೆ ತೇವದ ಗಾಳಿ ಆಡುವ ಜಾಗದಲ್ಲಿ ತಂತಿಗೆ ಕಟ್ಟಿದೆ. ನಾಲ್ಕನೆಯ ಅಲ್ಯುಮಿನಿಯಂ ತುಂಡನ್ನೂ ಕೈಯಿಂದಲೇ 13ಕ್ಕೆ ತಂದು, ಕಾರಿಗೆ ಹಚ್ಚುವ ಕಾರ್ನೂಬಾ ಮೇಣವನ್ನು ಎರಡು ಸಲ ಬಳಿದು ಕಟ್ಟಿದೆ. ತುಳು ತಿಂಗಳುಗಳಾದ ಆಟಿಯ ಮಳೆ, ಸೋಣದ ಬಿಸಿಲು ಎರಡೂ ಕಳೆದು ನವರಾತ್ರಿಯ ಮರುವಾರ ಅವನ್ನು ಇಳಿಸಿ, ಒರೆಸಿ, ಮತ್ತೆ ಅದೇ ಅಡಿಪಟ್ಟಿ ನಿಲ್ಲಿಸಿದೆ.

ಚಕ್ರದಿಂದ 16ಕ್ಕೆ ಏರಿದ್ದ ಅಲ್ಯುಮಿನಿಯಂ 3ಕ್ಕೆ ಇಳಿದಿತ್ತು. ಕೈಯಿಂದ 13 ಬಂದಿದ್ದದ್ದೂ 3ಕ್ಕೇ ಇಳಿದಿತ್ತು, ಡ್ರಿಲ್ಲಿನದು 2. ಮೇಲೆಲ್ಲ ಬೂದಿ ಎರಚಿದಂತೆ ಬಿಳಿ ಚುಕ್ಕೆಗಳು. ಮೇಣ ಬಳಿದ ತುಂಡು 7ರಲ್ಲಿ ನಿಂತಿತ್ತು. ಅಂದರೆ ಚಕ್ರ ಕೊಟ್ಟ ಆ ಮೂರು ಸೆಂಟಿಮೀಟರಿನ ಮೇಲ್ಗೈಯನ್ನು ಒಂದೇ ಮಳೆಗಾಲ ನುಂಗಿಹಾಕಿತು. ಸ್ಟೇನ್‌ಲೆಸ್‌ನಲ್ಲಿ ಚಕ್ರದ 22 ಕೇವಲ 21 ಆಗಿತ್ತು. ಕೈಯಿಂದ ಉಜ್ಜಿದ ತುಂಡಿನ ಉಳಿದ ಗೀರುಗಳುದ್ದಕ್ಕೂ ಮಾತ್ರ ಚಹಾ ಚೆಲ್ಲಿದಂತಹ ಕಂದು ಗೆರೆಗಳು ಕಂಡವು, ಏಕೆಂದರೆ ಉಪ್ಪು ನಿಲ್ಲುವುದೇ ಗೀರಿನೊಳಗೆ. ಸ್ಟೇನ್‌ಲೆಸ್‌ನ ನಯ ಅಂದಕ್ಕಷ್ಟೇ ಇರುವುದಲ್ಲವೆಂದು ನನಗೆ ಮನವರಿಕೆಯಾದದ್ದು ಆಗ.

ಕಂಬಿಯ ವಿಷಯದಲ್ಲಿ ಇನ್ನೊಂದು ಪಾಠವೂ ಆಯಿತು. ಒಮ್ಮೆ ಕಬ್ಬಿಣದ ಕ್ಲಾಂಪ್ ಉಜ್ಜಿದ್ದ ಸೈಸಲ್ ಚಕ್ರವನ್ನೇ ಮರೆತು ಬೆಸುಗೆಯೊಂದಕ್ಕೆ ಬಳಸಿದ್ದೆ. ಹದಿನೈದು ದಿನಗಳಲ್ಲಿ ಅಷ್ಟೇ ಜಾಗದಲ್ಲಿ ತುಕ್ಕಿನ ಚುಕ್ಕೆಗಳೆದ್ದವು. ತುಕ್ಕು ಹಿಡಿದದ್ದು ಸ್ಟೇನ್‌ಲೆಸ್ಸಿಗಲ್ಲ, ಚಕ್ರದಿಂದ ಬಂದು ಅಂಟಿದ ಕಬ್ಬಿಣದ ಕಣಗಳಿಗೆ. ಅಲ್ಲಿ ಮತ್ತೆ ಹಸಿರು ಬಾರ್ ಹಿಡಿದು, ಒಂದು ಲೀಟರ್ ಬಿಸಿನೀರಿಗೆ ನೂರು ಗ್ರಾಂ ನಿಂಬೆ ಉಪ್ಪು ಕರಗಿಸಿ, ಬಟ್ಟೆ ನೆನೆಸಿ ಅರ್ಧ ಗಂಟೆ ಸುತ್ತಿಟ್ಟು ತೊಳೆದ ಮೇಲೆ ಚುಕ್ಕೆ ಮರಳಿ ಬರಲಿಲ್ಲ. ಕಂಬಿ ಕೊಳ್ಳುವವರಿಗೆ ಒಂದು ಮಾತು: ಅಯಸ್ಕಾಂತ ಅಂಟದಿದ್ದರೆ 304 ಎಂದು ನಂಬಬೇಡಿ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ, ಕರಾವಳಿಯಲ್ಲಿ ಅದು ಎಷ್ಟು ಪಾಲಿಶ್ ಮಾಡಿದರೂ ಬೇಗ ಕಂದುಗಟ್ಟುತ್ತದೆ.

ಆದ್ದರಿಂದ ಈಗ ಬೆಂಚ್ ಗ್ರೈಂಡರಿನ ಎರಡೂ ಬದಿಗಳನ್ನು ಸ್ಟೇನ್‌ಲೆಸ್‌ಗೇ ಬಿಟ್ಟಿದ್ದೇನೆ, ಕಂದು ಮತ್ತು ಬಿಳಿ ಬಾರ್‌ಗಳು ಡಬ್ಬಿ ಸೇರಿವೆ. ಕ್ಲಚ್ ಕವರಿನ ಗೀರುಗಳನ್ನು ಮೊದಲ ಸಲ ವಾಟರ್ ಪೇಪರ್‌ನಿಂದ ತೆಗೆಯಲು ಒಟ್ಟು ಐದು ಗಂಟೆ ಹಿಡಿದಿತ್ತು. ಆದರೆ ಮಳೆಗಾಲದ ಮಬ್ಬನ್ನು ತೆಗೆಯಲು 240ರಿಂದ ಶುರು ಮಾಡಬೇಕಾಗಿಲ್ಲ. ಕವರನ್ನು ಬೈಕಿನಿಂದ ಬಿಚ್ಚದೆ, 2000ದ ಪೇಪರ್‌ನಿಂದ ಹಗುರವಾಗಿ ಒಂದು ಸುತ್ತು, ಮೆಟಲ್ ಪಾಲಿಶ್‌ನಿಂದ ಎರಡು ಸುತ್ತು, ಕೊನೆಗೆ ಮೇಣ. ಈ ಬಾರಿ ದೀಪಾವಳಿಯ ಹಿಂದಿನ ಸಂಜೆ ಅಂಗಳದಲ್ಲಿ ಮಣೆ ಹಾಕಿ ಕುಳಿತು, ಅಂಚಿನ ಆ ಉಗುರಿನಷ್ಟು ಹೊಂಡವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೂವತ್ತೈದು ನಿಮಿಷಗಳಲ್ಲಿ ಮುಗಿಸಿದೆ.