ಕ್ಲೇಮ್ ತಿರಸ್ಕಾರವಾದ ಮೇಲೆ ಹಿಡಿದ ವಕೀಲರು: ಮೂರು ವರ್ಷದ ಅನುಭವ

ಗೋದಾಮಿನಲ್ಲಿದ್ದ ನೋಟ್‌ಬುಕ್, ಕಾಗದದ ರೀಮುಗಳೆಲ್ಲ ಒಂದೇ ರಾತ್ರಿಯಲ್ಲಿ ನೆನೆದು ಮುದ್ದೆಯಾದಾಗ ನನಗೆ ಅಷ್ಟು ಭಯ ಆಗಿರಲಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಅಂದುಕೊಂಡಿದ್ದೆ. ಎರಡು ತಿಂಗಳಾದ ಮೇಲೆ ಕಂಪನಿಯಿಂದ ಒಂದು ಪುಟದ ಪತ್ರ ಬಂತು. ಹಾನಿ ಪ್ರವಾಹದ ನೀರಿನಿಂದ ಆಗಿದೆ, ಪಾಲಿಸಿಯಲ್ಲಿ ಪ್ರವಾಹ ಸೇರಿಲ್ಲ, ಆದ್ದರಿಂದ ಹಣ ಇಲ್ಲ. ಅವತ್ತು ಕೈಕಾಲು ತಣ್ಣಗಾಯಿತು.

ಆಗ ಹುಡುಕಿಕೊಂಡು ಹೋಗಿದ್ದು ಈ ವಕೀಲರ ಹತ್ತಿರ. ಇವರು ಮಾಡುವುದು ವಿಮೆ ಮತ್ತು ಹಣಕಾಸಿನ ವ್ಯಾಜ್ಯಗಳನ್ನು ಮಾತ್ರ. ಮೊದಲ ದಿನ ನಾನು ಆ ಪತ್ರವನ್ನೇ ಮುಂದೆ ಹಿಡಿದೆ. ಅವರು ಅದನ್ನು ಪಕ್ಕಕ್ಕೆ ಸರಿಸಿ, "ಪೂರ್ತಿ ಪಾಲಿಸಿ ಎಲ್ಲಿದೆ?" ಅಂದರು. ನನ್ನ ಹತ್ತಿರ ಇದ್ದದ್ದು ಮೊದಲ ಎರಡು ಪುಟ. ಷರತ್ತುಗಳು, ಆಮೇಲೆ ಅಂಟಿಸಿದ ತಿದ್ದುಪಡಿಗಳು, ನಾನು ತುಂಬಿದ ಅರ್ಜಿಯ ಪ್ರತಿ, ಎಲ್ಲಾ ತರಿಸಿದ ಮೇಲೆಯೇ ಮಾತು ಮುಂದುವರಿಯಿತು.

ಅವರು ಹೇಳಿದ ಎರಡು ಮಾತು ನನ್ನ ಕಣ್ಣು ತೆರೆಸಿತು. ಹಾನಿ ಆಗಿದೆ, ಅದು ಪಾಲಿಸಿಯೊಳಗೆ ಬರುತ್ತದೆ ಅಂತ ತೋರಿಸುವುದು ನಮ್ಮ ಕೆಲಸ. ಆದರೆ "ಇದು ಹೊರಗಿಟ್ಟ ವಿಷಯ" ಅಂತ ಕಂಪನಿ ಹೇಳಿದರೆ, ಅದನ್ನು ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ಕಂಪನಿಯದ್ದು. ಇನ್ನೊಂದು, ಪಾಲಿಸಿಯ ಪದಕ್ಕೆ ನಿಜವಾಗಿಯೂ ಎರಡು ಅರ್ಥ ಬರುವಂತಿದ್ದರೆ, ಬರೆದವರಿಗೆ ವಿರುದ್ಧವಾದ ಅರ್ಥವನ್ನೇ ಕೋರ್ಟುಗಳು ಹಿಡಿಯುವುದುಂಟು.

ಅವತ್ತು ರಾತ್ರಿ ಜೋರು ಮಳೆ ಬಂದಿತ್ತು, ನಿಜ. ಆದರೆ ಗೋದಾಮಿನ ಮೇಲಿನ ತೊಟ್ಟಿಯ ಪೈಪೂ ಒಡೆದಿತ್ತು. ಪೈಪ್ ಒಡೆದರೆ ಪಾಲಿಸಿಯಲ್ಲಿ ಹಣ ಇದೆ. ಹಾಗಾದರೆ ಕಾರಣ ಯಾವುದು? ಇದಕ್ಕೆ ಅವರು ಒಂದು ಹಡಗಿನ ಕೇಸು ಹೇಳಿದರು. 1915ರಲ್ಲಿ ಒಂದು ಹಡಗಿಗೆ ಟಾರ್ಪಿಡೊ ಬಡಿಯಿತು. ಅದನ್ನು ಎಳೆದು ಫ್ರಾನ್ಸಿನ ಲ ಹಾವ್ರ್ ಬಂದರಿಗೆ ತಂದರು. ಅಲ್ಲಿ ಬಿರುಗಾಳಿಗೆ ಸಿಕ್ಕಿ, ನೆಲ ತಾಗಿ, ಕೊನೆಗೆ ಮುಳುಗಿತು. ಮುಳುಗಿದ್ದು ಸಮುದ್ರದ ಅಪಾಯದಿಂದ, ಅದಕ್ಕೆ ಪಾಲಿಸಿಯಲ್ಲಿ ಹಣ ಇದೆ ಅಂತ ಮಾಲೀಕರು ಅಂದರು. 1918ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಅಂದರೆ ಅಲ್ಲಿನ ಆಗಿನ ಅತಿ ದೊಡ್ಡ ಕೋರ್ಟು, ಒಪ್ಪಲಿಲ್ಲ. ಕೊನೆಯಲ್ಲಿ ನಡೆದದ್ದು ಕಾರಣವಲ್ಲ, ನಿಜವಾಗಿ ಹಡಗನ್ನು ಮುಳುಗಿಸಿದ್ದು ಟಾರ್ಪಿಡೊ ಅಂತ ತೀರ್ಪು ಬಂತು. ಯುದ್ಧದ ಹಾನಿ ಪಾಲಿಸಿಯ ಹೊರಗಿತ್ತು, ಮಾಲೀಕರು ಸೋತರು. "ಈ ನಿಯಮ ಎರಡೂ ಕಡೆ ಕೊಯ್ಯುತ್ತದೆ, ನೆನಪಿರಲಿ" ಅಂದರು.

ಆಮೇಲೆ ನನ್ನ ಮೊಬೈಲಿನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಒಂದರ ಹತ್ತಿರ ಬೆರಳು ನಿಂತಿತು. ಮೇಲಿನ ಹಲಗೆಯ ಪೆಟ್ಟಿಗೆಗಳ ಮುಚ್ಚಳ ಕುಸಿದಿತ್ತು, ಕಂದು ಗೆರೆಗಳು ಮೇಲಿಂದ ಕೆಳಕ್ಕೆ ಇಳಿದಿದ್ದವು. ನಡುವಿನ ಸಾಲಿನಲ್ಲಿ ಕೆಲವು ಪೆಟ್ಟಿಗೆ ಒಣಗಿಯೇ ಇದ್ದವು. ಪ್ರವಾಹದ ನೀರು ನೆಲದಿಂದ ಏರುತ್ತದೆ, ಅಲ್ವಾ? ನಡುವಿನದನ್ನು ಬಿಟ್ಟು ಮೇಲಿನದನ್ನು ಹೇಗೆ ನೆನೆಸುತ್ತದೆ? ಆ ಫೋಟೋ ನೂರು ಸಲ ನೋಡಿದ್ದೆ, ನನಗೆ ಹೊಳೆದಿರಲಿಲ್ಲ. ಹಾನಿ ನೋಡಲು ಬಂದಿದ್ದ ಕಂಪನಿಯ ಸರ್ವೇಯರ್ ವರದಿಯಲ್ಲಿ ಮೇಲಿನ ಹಲಗೆಯ ಮಾತೇ ಇರಲಿಲ್ಲ.

ಆದರೆ ತೀರಾ ಕೆಳಗಿನ ಸಾಲು ಹೊರಗಿಂದ ನುಗ್ಗಿದ ನೀರಿನಲ್ಲೇ ನೆಂದಿತ್ತು. ಅದನ್ನು ಕ್ಲೇಮಿನಿಂದ ತೆಗೆಯಿರಿ ಅಂದರು. ನನಗೆ ಸಿಟ್ಟು ಬಂತು, ವಾದ ಮಾಡಿದೆ. ಅವರು ಜಗ್ಗಲಿಲ್ಲ. ಮುಂದೆ ರಾಜಿ ಮಾತುಕತೆಯಲ್ಲಿ ನಮ್ಮ ಲೆಕ್ಕವನ್ನು ಎದುರಿನವರು ನಂಬಿದ್ದು ಇದರಿಂದಲೇ ಅಂತ ನನಗೆ ಈಗಲೂ ಅನಿಸುತ್ತದೆ.

ಇಷ್ಟರ ನಡುವೆ ಬ್ಯಾಂಕಿನ ಕಾಟ. ಆ ಸರಕಿನ ಮೇಲೆ ಸಾಲ ಇತ್ತು, ಬಡ್ಡಿ ಏರುತ್ತಿತ್ತು, ಜಾಮೀನು ಹಾಕಿದ ನನ್ನ ಅಣ್ಣನಿಗೂ ನೋಟಿಸ್ ಹೋಯಿತು. ಕ್ಲೇಮಿನ ಹಣ ಮೊದಲು ಬ್ಯಾಂಕಿಗೇ ಹೋಗಬೇಕು ಅನ್ನುವ ಸಾಲು ಪಾಲಿಸಿಯಲ್ಲಿತ್ತು. ವಕೀಲರು ಅದನ್ನೇ ಹಿಡಿದು ಬ್ಯಾಂಕಿನವರ ಜೊತೆ ಕೂತು, ಕ್ಲೇಮ್ ತೀರ್ಮಾನವಾಗುವ ತನಕ ವಸೂಲಿ ನಿಲ್ಲಿಸುವ ಒಪ್ಪಂದವನ್ನು ಬರಹದಲ್ಲಿ ಪಡೆದರು. ಅವತ್ತು ರಾತ್ರಿ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಮಲಗಿದೆವು.

ಕೊರತೆಗಳೂ ಇವೆ. ಫೋನ್ ಮಾಡಿದರೆ ಎರಡು ಮೂರು ದಿನ ಉತ್ತರ ಇಲ್ಲ. ಒಳಗೆ ಕುದಿಯುತ್ತಿರುವವರಿಗೆ ಅದು ತುಂಬಾ ಕಷ್ಟ. ಮೊದಲ ವರ್ಷದ ಬಿಲ್ಲಿನಲ್ಲಿ "ದಾಖಲೆ ಪರಿಶೀಲನೆ, ಆರು ಗಂಟೆ" ಅಂತ ಒಂದೇ ಸಾಲು. ಯಾವ ದಾಖಲೆ, ಯಾರು ನೋಡಿದ್ದು? ಕೇಳಿದ ಮೇಲೆ ವಿವರ ಕೊಟ್ಟರು, ಕಿರಿಯರು ಮಾಡಿದ ಕೆಲಸಕ್ಕೆ ದರವನ್ನೂ ಇಳಿಸಿದರು. ನೀವು ಮೊದಲ ದಿನವೇ ಕೇಳಿ.

ಕೇಸು ಮುಗಿಯಲು ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ವಿಚಾರಣೆಗೆ ಸ್ವಲ್ಪ ಮುಂಚೆ ರಾಜಿಯಾಯಿತು. ನಾವು ಕೇಳಿದ್ದರಲ್ಲಿ ಐದನೇ ಒಂದು ಭಾಗ ಬಿಟ್ಟುಕೊಟ್ಟೆವು. ಸಾಲ ತೀರಿತು, ಅಣ್ಣನ ಜಾಮೀನು ಬಿಡುಗಡೆಯಾಯಿತು.

ಈಗಲೂ ಪಾಲಿಸಿ ನವೀಕರಣಕ್ಕೆ ಬಂದಾಗ ಇವರಿಗೇ ಓದಲು ಕೊಡುತ್ತೇನೆ. ಈ ಸಲ "ಪ್ರವಾಹ" ಅನ್ನುವ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ "ಇದರ ಅರ್ಥ ಎಲ್ಲಿ ಬರೆದಿದ್ದಾರೆ? ಬರಹದಲ್ಲಿ ಕೇಳಿ" ಅಂತ ಬರೆದು ಕಳಿಸಿದ್ದಾರೆ. ಕೇಳಿದ್ದೇನೆ. ಉತ್ತರ ಬರುವ ತನಕ ಸಹಿ ಹಾಕುವುದಿಲ್ಲ.