ಇಂಡಕ್ಷನ್ ಸೋತಿತು, ಬಕೆಟ್ ಗೆದ್ದಿತು

ಬನಶಂಕರಿ ಮೂರನೇ ಹಂತದ ನಮ್ಮ ಬೀದಿಯ ಸಂಘದಲ್ಲಿ ಈ ವರ್ಷ ಒಂದು ಮಾತಾಯಿತು. ಪ್ರತಿ ಮನೆಯವರೂ ದಿನನಿತ್ಯದ ಎರಡು ಮೂರು ಅಭ್ಯಾಸ ಬದಲಿಸಿ ಕಾರ್ಬನ್ ಇಳಿಸಬೇಕು, ಏನು ಮಾಡುತ್ತೇವೆ ಅಂತ ಹಾಳೆಯಲ್ಲಿ ಬರೆದು ಕೊಡಬೇಕು. ಹಾಳೆ ತುಂಬಾ ಬಟ್ಟೆ ಚೀಲ, ಸ್ಟೀಲ್ ಬಾಟಲಿ, ಎಲ್‌ಇಡಿ ಬಲ್ಬ್. ಒಳ್ಳೆಯವೇ. ಆದರೆ ಎಲ್‌ಇಡಿ ಬಲ್ಬ್ ಇಲ್ಲದ ಮನೆ ಈಗ ಎಲ್ಲಿದೆ? ಹಾಗಾಗಿ ನಾನು ಒಂದೊಂದು ಕೆಲಸಕ್ಕೂ ಎರಡು ಮೂರು ದಾರಿ ಎದುರುಬದುರು ಇಟ್ಟು ಮಾಡಿ ನೋಡಿದೆ. ಕಾರ್ಬನ್ ಎಷ್ಟು ಉಳಿಯುತ್ತದೆ, ಮನೆಯವರು ಎಷ್ಟು ಸಹಿಸುತ್ತಾರೆ, ನೋಡಿದ್ದು ಇವೆರಡೇ.

ಲೆಕ್ಕಕ್ಕೆ ಮೂರು ಅಂಕಿ ಸಾಕು. ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಪೆಟ್ರೋಲಿಗೆ 2.3 ಕೆಜಿ. ಒಂದು ಕೆಜಿ ಅಡುಗೆ ಅನಿಲಕ್ಕೆ 3 ಕೆಜಿ, ಅಂದರೆ 14.2 ಕೆಜಿಯ ಸಿಲಿಂಡರ್ ಒಂದು ಖಾಲಿಯಾದರೆ 42 ಕೆಜಿ ಚಿಲ್ಲರೆ.

ಮೊದಲು ಒಲೆ. ಹಾಳೆಯಲ್ಲಿ ಹೆಚ್ಚು ಜನ ಬರೆದದ್ದು "ಗ್ಯಾಸ್ ಬಿಟ್ಟು ಇಂಡಕ್ಷನ್" ಅಂತ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ಉಲ್ಟಾ. ಗ್ಯಾಸ್ ಒಲೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ, ನಿಜ. ಇಂಡಕ್ಷನ್ ಅಷ್ಟು ಹಾಳು ಮಾಡುವುದಿಲ್ಲ. ಆದರೆ ಆ ಕರೆಂಟಿನಲ್ಲಿ ಬಹುಪಾಲು ಹುಟ್ಟುವುದು ಕಲ್ಲಿದ್ದಲಿನಿಂದ, ಅಲ್ಲಿ ಸ್ಥಾವರದಲ್ಲೇ ಶಾಖದ ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗಿಬಿಡುತ್ತದೆ. ಒಂದು ಯೂನಿಟ್‌ನಷ್ಟು ಶಾಖ ಪಾತ್ರೆಗೆ ಮುಟ್ಟಿಸಲು ಗ್ಯಾಸಿನಲ್ಲಿ ಸುಮಾರು 0.4 ಕೆಜಿ, ಇಂಡಕ್ಷನ್ನಿನಲ್ಲಿ 0.8 ಕೆಜಿಯ ಹತ್ತಿರ. ಮಹಡಿ ಮೇಲೆ ಸ್ವಂತ ಸೋಲಾರ್ ಇದ್ದವರ ಕಥೆ ಬೇರೆ, ಅವರು ಧಾರಾಳವಾಗಿ ಇಂಡಕ್ಷನ್ ಇಡಲಿ. ಅಡುಗೆಮನೆ ತಣ್ಣಗಿರುತ್ತದೆ, ಹಾಲು ಉಕ್ಕುವ ಗಲಾಟೆ ಕಡಿಮೆ, ಅದೆಲ್ಲ ಒಪ್ಪುತ್ತೇನೆ. ಆದರೆ ನಮ್ಮ ಮುದ್ದೆಯ ಅಲ್ಯೂಮಿನಿಯಂ ಪಾತ್ರೆಯನ್ನು ಅದು ಗುರುತೇ ಹಿಡಿಯಲಿಲ್ಲ. ಸ್ಟೀಲ್ ಪಾತ್ರೆ ಇಟ್ಟು ಕೋಲು ತಿರುವಿದರೆ ಗಾಜಿನ ಮೇಲೆ ಪಾತ್ರೆಯೇ ತಿರುಗಿತು.

ಇಂಡಕ್ಷನ್ನಿಗೆ ಎದುರಾಗಿ ನಿಲ್ಲಿಸಿದ್ದು ಹಳೇ ಕುಕ್ಕರನ್ನೇ. ಅನ್ನ, ಬೇಳೆ ಒಂದರ ಮೇಲೊಂದು ಇಟ್ಟು ಒಟ್ಟಿಗೆ ಬೇಯಿಸುವುದು. ಹುರುಳಿಕಾಳು, ಕಡಲೆಕಾಳು ರಾತ್ರಿಯೇ ನೆನೆಹಾಕುವುದು. ಎರಡು ಕೂಗು ಬಂದ ಮೇಲೆ ಉರಿ ಸಣ್ಣ ಮಾಡುವುದು. ದುಡ್ಡು ಖರ್ಚಿಲ್ಲ, ಸಿಲಿಂಡರ್ ಇನ್ನಷ್ಟು ದಿನ ಬರುತ್ತದೆ. ನನ್ನ ಓಟು ಇದಕ್ಕೆ.

ನಿಜವಾದ ಆಟ ಇರುವುದು ಬಚ್ಚಲಲ್ಲಿ. ಹಾಳೆಯಲ್ಲಿ ಇದನ್ನು ಒಬ್ಬರೂ ಬರೆದಿರಲಿಲ್ಲ! ಎಂಟು ನಿಮಿಷ ಶವರ್ ಕೆಳಗೆ ನಿಂತರೆ 60 ಲೀಟರ್ ನೀರು ಆರಾಮಾಗಿ ಹೋಗುತ್ತದೆ. ಅಷ್ಟನ್ನು ಹದಕ್ಕೆ ಕಾಯಿಸಲು 1.2 ಯೂನಿಟ್‌ನಷ್ಟು ಬೇಕು. 20 ಲೀಟರಿನ ಬಕೆಟ್ಟಿಗೆ 0.4 ಯೂನಿಟ್. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಶವರ್ ಅಂದರೆ 140 ಯೂನಿಟ್, ಸುಮಾರು 100 ಕೆಜಿ. ಬಕೆಟ್ ಅಂದರೆ 34 ಕೆಜಿ. ಒಂದೂವರೆ ಸಿಲಿಂಡರಿನಷ್ಟು ಹೊಗೆ ಸುಮ್ನೆ ಮೋರಿಗೆ ಹೋಗುತ್ತಿದೆ ಅಂತಾಯಿತು.

ಕೆಲವರು ಕಾವೇರಿ ನೀರಿನ ಮಾತು ಎತ್ತಿದರು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ನೀರು, ಅದರ ಕರೆಂಟೂ ಲೆಕ್ಕಕ್ಕೆ ಬರಬೇಕಲ್ವಾ ಅಂತ. ಬರಬೇಕು. ಸಾವಿರ ಲೀಟರಿಗೆ ಒಂದೂವರೆ ಯೂನಿಟ್‌ಗಿಂತ ಜಾಸ್ತಿಯೇ ಆಗುತ್ತದೆ. ಆದರೆ ಅದೇ ಸಾವಿರ ಲೀಟರನ್ನು ಸ್ನಾನಕ್ಕೆ ಕಾಯಿಸಲು 20 ಯೂನಿಟ್ ಬೇಕು. ಕಾವೇರಿಯನ್ನು ಬೆಂಗಳೂರಿಗೆ ಹತ್ತಿಸುವುದಕ್ಕಿಂತ ಬಚ್ಚಲಲ್ಲಿ ಬೆಚ್ಚಗೆ ಮಾಡುವುದೇ ದುಬಾರಿ.

ಸೋಲಾರ್ ವಾಟರ್ ಹೀಟರ್ ಇದ್ದರೆ ಬಕೆಟ್ಟನ್ನೂ ಮೀರಿಸುತ್ತದೆ, ಅನುಮಾನವೇ ಇಲ್ಲ. ನಮ್ಮ ಮಾವನವರ ಮನೆಯಲ್ಲಿ ಇದ್ದಾಗ ಅದನ್ನೂ ನೋಡಿದೆ. ತೊಂದರೆ ಒಂದೇ. ಟ್ಯಾಂಕು ಮೂರನೇ ಮಹಡಿ ಮೇಲೆ, ಬಚ್ಚಲು ಕೆಳಗೆ. ಬಿಸಿನೀರು ಇಳಿದು ಬರುವಷ್ಟರಲ್ಲಿ ಒಂದು ಬಕೆಟ್ ತಣ್ಣೀರು ಹರಿಯುತ್ತದೆ. ಅತ್ತೆ ಅದನ್ನು ಹಿಡಿದಿಟ್ಟು ನೆಲ ಒರೆಸುತ್ತಾರೆ. ಜುಲೈ, ಆಗಸ್ಟಿನ ಮೋಡಕ್ಕೆ ಮಾತ್ರ ಕಾಯಿಲ್ ಹಾಕಲೇಬೇಕು.

ಓಡಾಟಕ್ಕೆ ಬಂದರೆ, ನನ್ನ ಆಫೀಸು ಯಶವಂತಪುರದಲ್ಲಿ. ಹೋಗಿಬರಲು 30 ಕಿಲೋಮೀಟರ್. ಪೆಟ್ರೋಲ್ ಸ್ಕೂಟರಿನಲ್ಲಿ ದಿನಕ್ಕೆ ಒಂದೂವರೆ ಕೆಜಿ. ಎಲೆಕ್ಟ್ರಿಕ್ ಸ್ಕೂಟರ್ ಅದನ್ನು ಅರ್ಧಕ್ಕೆ ಇಳಿಸುತ್ತದೆ, ಸೊನ್ನೆ ಮಾಡುವುದಿಲ್ಲ. ಶಕ್ತಿ ಯೋಜನೆ ಬಂದ 2023ರಿಂದ ನನಗೆ ಬಸ್ಸು ಪುಕ್ಕಟೆ, ಆದರೆ ಸಂಜೆ ನಾಯಂಡಹಳ್ಳಿ ದಾಟುವುದರೊಳಗೆ ತಾಳ್ಮೆಯೇ ಮುಗಿಯುತ್ತದೆ. ಮೆಟ್ರೋ ಹಸಿರು ಮಾರ್ಗ ಬದಲಾಯಿಸುವ ರಗಳೆ ಇಲ್ಲದೆ ನೇರ ಹೋಗುತ್ತದೆ. ನಾನು ಹತ್ತಲಿ ಬಿಡಲಿ, ಆ ರೈಲು ಹೇಗೂ ಓಡುತ್ತದೆ. 2025ರ ಫೆಬ್ರವರಿಯಲ್ಲಿ ದರ ಏರಿಸಿದ್ದು ಮಾತ್ರ ಚುಚ್ಚುತ್ತದೆ. ಜನ ಬಂಡಿ ಬಿಟ್ಟು ಬರಲಿ ಅನ್ನುವವರು ಟಿಕೆಟ್ ಏರಿಸುವುದು ಯಾವ ನ್ಯಾಯ? ಈಗ ಬೆಳಿಗ್ಗೆ ಮೆಟ್ರೋ, ಅವಸರ ಇಲ್ಲದ ಸಂಜೆ ಬಸ್ಸು. ಸ್ಕೂಟರ್ ಸ್ಟೇಷನ್‌ವರೆಗೆ ಮಾತ್ರ.

ಫ್ಯಾನಿನ ವಿಷಯದಲ್ಲಿ ಚರ್ಚೆಯೇ ಬೇಡ. ಹಳೆಯದು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ರಾತ್ರಿ ಎಂಟು ಗಂಟೆ ತಿರುಗಿದರೆ ತಿಂಗಳಿಗೆ 11 ಯೂನಿಟ್‌ನಷ್ಟು ಉಳಿಯುತ್ತದೆ. ಒಮ್ಮೆ ಹಾಕಿಸಿದರೆ ಮುಗಿಯಿತು, ದಿನಾ ನೆನಪಿಡುವ ಕಾಟವಿಲ್ಲ. ಒಂದೇ ಅಡ್ಡಿ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗಳಿಗೆ ಈ ಉಳಿತಾಯ ಕಣ್ಣಿಗೇ ಕಾಣುವುದಿಲ್ಲ. ಅಂಥವರು ರೂಪಾಯಿ ಬಿಟ್ಟು ಮೀಟರಿನ ಯೂನಿಟ್ ನೋಡಬೇಕು.

ಕೊನೆಗೆ ಹಸಿ ಕಸ. ಒಣ ಕಸದ ಜೊತೆ ಬೆರೆತು ಗುಡ್ಡೆ ಬಿದ್ದರೆ ಅದು ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಅದು ಎಷ್ಟೋ ಪಟ್ಟು ಬಲವಾಗಿ ಶಾಖ ಹಿಡಿದಿಡುತ್ತದೆ. ಮನೆಯಲ್ಲೇ ಮೂರಂತಸ್ತಿನ ಮಣ್ಣಿನ ಮಡಕೆ ಇಟ್ಟೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಿ, ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಸಿಗೆಯಲ್ಲಿ ವಾಸನೆ ಇಲ್ಲದೆ ಗೊಬ್ಬರ ಆಗುತ್ತದೆ. ಮಳೆಗಾಲದಲ್ಲಿ ಹುಳ ಮಿಜಿಮಿಜಿ. ಮಗಳು ಬಾಲ್ಕನಿ ಕಡೆ ಹೋಗುವುದನ್ನೇ ಬಿಟ್ಟಳು. ಮಹಡಿ ಮೇಲೆ ಗಿಡ ಬೆಳೆಸುವವರಿಗೆ ಮಡಕೆ ಸರಿ. ಉಳಿದವರು ಹಸಿ ಕಸವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟದೆ ಬೇರೆ ಬಕೆಟ್ಟಿನಲ್ಲಿ ಕಸದ ಆಟೋಗೆ ಸುರಿದರೆ ಸಾಕು. ಎದುರುಮನೆ ಆಂಟಿ ಇಷ್ಟೇ ಬರೆದುಕೊಟ್ಟರು, ಒಂದು ದಿನವೂ ತಪ್ಪಿಸಿಲ್ಲ.